ಮೃಚ್ಛಕಟಿಕದಲ್ಲಿ ಎರಡು ಕಥೆಗಳ ಹೆಣಿಗೆ ಮತ್ತು ನೀತಿ

ಶೂದ್ರಕನ ‘ಮೃಚ್ಛಕಟಿಕ’ 10 ಅಂಕಗಳ ಪ್ರಕರಣ, ಅಂದರೆ ಕವಿಕಲ್ಪಿತ ಕಥೆಯ ಸಂಸ್ಕೃತ ನಾಟಕ. ಅದರ ಎರಡು ಕಥೆಗಳ ಹೆಣಿಗೆ ಯಾವ ನೀತಿಯನ್ನು ಹೇಳುತ್ತದೆ ಎಂಬುದು ಇಲ್ಲಿನ ಪ್ರಶ್ನೆ. ದಾನದಿಂದಲೇ ಬಡವನಾದ ಉಜ್ಜಯಿನಿಯ ಚಾರುದತ್ತನಿಗೂ ಗಣಿಕೆ ವಸಂತಸೇನೆಗೂ ನಡುವಿನ ಪ್ರೀತಿ ಇದರ ಆಧಿಕಾರಿಕ ವಸ್ತು, ಅಂದರೆ ಮುಖ್ಯ ಕಥೆ. ರಾಜ ಪಾಲಕನನ್ನು ಉರುಳಿಸಿ ಗೊಲ್ಲರ ಹುಡುಗ ಆರ್ಯಕನು ಪಟ್ಟಕ್ಕೇರುವುದು ಪ್ರಾಸಂಗಿಕ ವಸ್ತು, ಅಂದರೆ ಉಪಕಥೆ. ಭಾಸನದೆಂದು ಹೇಳಲಾಗುವ 4 ಅಂಕಗಳ ‘ಚಾರುದತ್ತ’ದಲ್ಲಿ ದಂಗೆಯ ಈ ಎಳೆ ಇಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ಓದಿದರೆ, ಹೆಣಿಗೆಯಿಂದ ನಾಟಕಕ್ಕೆ ಒದಗಿದ್ದು ಏನೆಂಬುದು ತಾನಾಗಿ ಕಾಣುತ್ತದೆ.

ಕಥೆಗಳು ಮೊದಲು ಕೂಡುವುದು ಕಳ್ಳ ಶರ್ವಿಲಕನಲ್ಲಿ. ಪ್ರೇಯಸಿ, ವಸಂತಸೇನೆಯ ದಾಸಿ ಮದನಿಕೆಯನ್ನು ದಾಸ್ಯದಿಂದ ಬಿಡಿಸಲು ಅವನು ಚಾರುದತ್ತನ ಮನೆಗೆ ಕನ್ನ ಹಾಕುತ್ತಾನೆ. ಅವಳನ್ನು ವಸಂತಸೇನೆಯೇ ಒಪ್ಪಿಸಿಕೊಟ್ಟ ಗಳಿಗೆಯಲ್ಲಿ ಗೆಳೆಯ ಆರ್ಯಕ ಸೆರೆಯಾದ ಸುದ್ದಿ ಕೇಳಿ, ಹೊಸ ಹೆಂಡತಿಯನ್ನು ಬಿಟ್ಟು ಅವನ ಬಿಡುಗಡೆಗೆ ಹೊರಡುತ್ತಾನೆ.

ನಿಜವಾದ ಗಂಟು ಇರುವುದು 6ನೆಯ ಅಂಕದಲ್ಲಿ. ಬಂಡಿಗಳು ಅದಲುಬದಲಾಗಿ, ವಸಂತಸೇನೆ ರಾಜನ ಮೈದುನ ಶಕಾರನ ಬಂಡಿ ಹತ್ತುತ್ತಾಳೆ. ಸೆರೆಯಿಂದ ತಪ್ಪಿಸಿಕೊಂಡ ಆರ್ಯಕ ಚಾರುದತ್ತನ ಬಂಡಿಯಲ್ಲಿ ಅಡಗುತ್ತಾನೆ. ಇದನ್ನು ಬರಿಯ ಆಕಸ್ಮಿಕವೆಂದು ತಳ್ಳಿಹಾಕಬಾರದು, ಏಕೆಂದರೆ ಬಂಡಿ ಆಕಸ್ಮಿಕವಾದರೂ ಅದರಲ್ಲಿ ಸಿಕ್ಕವರೊಡನೆ ನಡೆದುಕೊಳ್ಳುವ ರೀತಿ ಅವರವರ ಆಯ್ಕೆ: ಚಾರುದತ್ತ ಅಪರಿಚಿತನಿಗೆ ಅಭಯವಿತ್ತು ಸಂಕೋಲೆ ತೆಗೆಸುತ್ತಾನೆ, ಶಕಾರ ತನಗೆ ಒಲಿಯದವಳ ಕುತ್ತಿಗೆ ಹಿಚುಕುತ್ತಾನೆ. ಅವಳನ್ನು ಬದುಕಿಸುವ ಭಿಕ್ಷು, 2ನೆಯ ಅಂಕದಲ್ಲಿ ಅವಳೇ ಜೂಜಿನ 10 ಸುವರ್ಣದ ಸಾಲ ತೀರಿಸಿ ಉಳಿಸಿದ ಸಂವಾಹಕ, ಅಂದರೆ ಮೈಯೊತ್ತುವ ಕಸುಬಿನವ.

ಆದರೆ ಒಳ್ಳೆಯದಕ್ಕೆ ಒಳ್ಳೆಯದೇ ಫಲ ಎಂದು ಉತ್ತರ ಬರೆದು ಮುಗಿಸಿದರೆ ನಾಟಕದ ಅರ್ಧವನ್ನು ಬಿಟ್ಟಂತಾಗುತ್ತದೆ. ಮಣ್ಣಿನ ಬಂಡಿ ಬೇಡವೆಂದು ಅಳುವ ಚಾರುದತ್ತನ ಮಗ ರೋಹಸೇನನಿಗೆ ಚಿನ್ನದ ಬಂಡಿ ಮಾಡಿಸಿಕೊಳ್ಳಲೆಂದು ವಸಂತಸೇನೆ ಕೊಟ್ಟ ಒಡವೆಗಳನ್ನು ಚಾರುದತ್ತ ಹಿಂದಿರುಗಿಸಲು ಕಳುಹಿಸುತ್ತಾನೆ. ವಸಂತಸೇನೆಯನ್ನು ಕೊಂದವನು ಚಾರುದತ್ತನೇ ಎಂದು ಶಕಾರ ದೂರಿತ್ತಾಗ, ಅವು ನ್ಯಾಯಸಭೆಯಲ್ಲಿ ಚಾರುದತ್ತನ ಗೆಳೆಯ ಮೈತ್ರೇಯನ ಕಂಕುಳಿನಿಂದ ಉದುರಿ ಕೊಲೆಗೆ ಸಾಕ್ಷಿಯಾಗುತ್ತವೆ. ಅವಳ ವಾತ್ಸಲ್ಯ, ಇವನ ಪ್ರಾಮಾಣಿಕತೆ ಎರಡೂ ಸೇರಿ ಅವನನ್ನು ಶೂಲದವರೆಗೆ ಒಯ್ಯುತ್ತವೆ. ಗಡೀಪಾರು ಸಾಕೆಂಬ ನ್ಯಾಯಾಧಿಕಾರಿಯ ಮಾತನ್ನು ಪಾಲಕ ಮೀರಿದಾಗ, ಮನೆಯ ಸಂಕಟ ರಾಜ್ಯದ ಸಂಕಟವೂ ಆಗುತ್ತದೆ. ಒಬ್ಬನ ಸದ್ಗುಣ ಕೆಟ್ಟ ಆಳ್ವಿಕೆಯಡಿ ಅವನನ್ನು ಕಾಯಲಾರದೆಂಬ ಈ ಮಾತನ್ನು ಪ್ರೇಮಕಥೆಯೊಂದೇ ಹೇಳಲಾಗುತ್ತಿರಲಿಲ್ಲ.

ಕೊನೆಯ ಅಂಕದಲ್ಲಿ ಎಳೆಗಳು ಕೂಡಿದರೂ ನೀತಿಗಳು ಪೂರ್ತಿ ಕೂಡುವುದಿಲ್ಲ ಎಂಬುದು ನನ್ನ ಓದು. ವಸಂತಸೇನೆ ಜೀವಂತವಾಗಿ ಬಂದು ತಾನು ಶೂಲದಿಂದ ಪಾರಾದ ಮೇಲೆ, ಶರಣಾದ ಶಕಾರನನ್ನು ಚಾರುದತ್ತ ಕ್ಷಮಿಸಿ ಬಿಡಿಸುತ್ತಾನೆ. ಅದೇ ಹೊತ್ತಿಗೆ ಆರ್ಯಕನು ಪಾಲಕನನ್ನು ಯಜ್ಞಶಾಲೆಯಲ್ಲಿ ಪಶುವಿನಂತೆ ಕೊಂದ ಸುದ್ದಿಯನ್ನು ಶರ್ವಿಲಕ ಸಂತೋಷದಿಂದಲೇ ತಂದಿರುತ್ತಾನೆ. ಚಾರುದತ್ತ ಅದನ್ನು ಪ್ರಶ್ನಿಸುವುದಿಲ್ಲ.