ಆಪರೇಷನ್ ಹೃದಯಕ್ಕೆ, ಕಿವಿ ಮೆದುಳಿನ ಕಡೆಗೆ

ಹಾರ್ಟ್ ಆಪರೇಷನ್ ಸಕ್ಸಸ್ ಆಯ್ತು, ಆದ್ರೆ ಅವ್ರು ಮೊದಲಿನ ಥರ ಇಲ್ಲ, ಹೆಸರು ಮರೀತಾರೆ, ಲೆಕ್ಕ ತಪ್ತಾರೆ ಅಂತ ಮನೆಯವ್ರು ಹೇಳೋದು ಹೊಸದೇನಲ್ಲ. 1953ರಲ್ಲಿ ಫಿಲಡೆಲ್ಫಿಯಾದಲ್ಲಿ ಸರ್ಜನ್ ಜಾನ್ ಗಿಬ್ಬನ್ ಹಾರ್ಟ್-ಲಂಗ್ ಮಷೀನ್ (ಆಪರೇಷನ್ ಹೊತ್ತಲ್ಲಿ ಹೃದಯ, ಶ್ವಾಸಕೋಶದ ಕೆಲಸ ಮಾಡೋ ಪಂಪು) ಹಾಕಿ ಆಪರೇಷನ್ ಮಾಡಿ ಗೆದ್ದ ಮೇಲೆ ಈ ಚಿಂತೆನೂ ಜೊತೆಗೇ ಬಂತು. ರಕ್ತ ಮೈಯಿಂದ ಹೊರಗೆ ಬಂದು ಮಷೀನ್ ಸುತ್ತಿ ವಾಪಸ್ ಹೋಗುವಾಗ ಗಾಳಿ ಗುಳ್ಳೆ, ಕೊಬ್ಬಿನ ಹನಿ, ಸಣ್ಣ ಹೆಪ್ಪು ಸೇರ್ಕೋಬಹುದು, ಹೃದಯದಿಂದ ಹೊರಡೋ ದೊಡ್ಡ ನಾಳ ಮಹಾಅಪಧಮನಿಗೆ ಕ್ಲ್ಯಾಂಪ್ (ಬಿಗಿ ಹಿಡಿಯೋ ಚಿಮಟ) ಹಾಕಿ ತೆಗೆಯುವಾಗ ಒಳಗೋಡೆಯಲ್ಲಿ ಕಟ್ಟಿರೋ ಕ್ಯಾಲ್ಸಿಯಂ ಚೂರು ಕಿತ್ತು ಬರಬಹುದು, ಇವೆಲ್ಲ ತೇಲ್ಕೊಂಡು ಹೋಗಿ ಮೆದುಳಿನ ಸಣ್ಣ ನಾಳದಲ್ಲಿ ಸಿಕ್ಕಾಕೊಂಡ್ರೆ ಆ ಜಾಗಕ್ಕೆ ರಕ್ತ ಬಂದ್.

ಗುಳ್ಳೆಗೆ ಅಲ್ಟ್ರಾಸೌಂಡ್ ಬಡಿದ್ರೆ ರಕ್ತಕ್ಕಿಂತ ತುಂಬಾ ಜೋರಾಗಿ ವಾಪಸ್ ಬರುತ್ತೆ. ಇದನ್ನೇ ಹಿಡ್ಕೊಂಡು ಅಮೆರಿಕದ ಡಾಕ್ಟರ್ ಮೆರಿಲ್ ಸ್ಪೆನ್ಸರ್ ತಂಡ ಆಪರೇಷನ್ ನಡೀತಿರುವಾಗಲೇ ಅಪಧಮನಿಯಲ್ಲಿ ಗಾಳಿ ಹೋಗೋದನ್ನ ಪತ್ತೆ ಮಾಡಿ 1969ರಲ್ಲಿ ಬರೆದ್ರು. ಆದ್ರೆ ಮೆದುಳಿನೊಳಗೆ ಕೇಳೋಕೆ ತಲೆಬುರುಡೆ ಅಡ್ಡ. 1982ರಲ್ಲಿ ನಾರ್ವೆಯ ರೂನ್ ಆಸ್ಲಿಡ್, ಕಣತಲೆಯ ಹತ್ರ ಮೂಳೆ ತೆಳ್ಳಗಿರುತ್ತಲ್ಲ, ಅಲ್ಲಿಂದ 2 ಮೆಗಾಹರ್ಟ್ಸ್ ಡಾಪ್ಲರ್ (ರಕ್ತದ ಹರಿವನ್ನ ಸದ್ದಾಗಿ ಕೇಳಿಸೋ ಅಲ್ಟ್ರಾಸೌಂಡ್) ಬಿಟ್ಟು ಒಳಗಿನ ಅಪಧಮನಿಯ ಹರಿವನ್ನ ಕೇಳಿಸ್ಕೊಂಡ್ರು. ಈಗ ಆಪರೇಷನ್ ಥಿಯೇಟರಲ್ಲಿ ಪೇಷಂಟ್ ತಲೆಗೆ ಪಟ್ಟಿ ಕಟ್ಟಿ ಕಿವಿ ಮುಂದೆ ಪ್ರೋಬ್ ಕೂರಿಸಿದ್ರೆ ಸ್ಪೀಕರಲ್ಲಿ ಸುಯ್ ಅಂತ ರಕ್ತದ ಸದ್ದು, ಅದ್ರ ಮಧ್ಯೆ ಏನಾದ್ರೂ ತೇಲಿ ಹೋದ್ರೆ ಚಿಂವ್ ಅಂತ ಒಂದು ಸಣ್ಣ ಸದ್ದು, ಸೆಕೆಂಡಿನ ಮೂರನೇ ಒಂದು ಭಾಗನೂ ಇರಲ್ಲ. ಕ್ಲ್ಯಾಂಪ್ ಬಿಟ್ಟ ಗಳಿಗೆಯಲ್ಲಿ ಇವು ಸಾಲುಸಾಲಾಗಿ ಬರ್ತವೆ.

ನನ್ನ ಪ್ರಕಾರ ಇದ್ರ ನಿಜವಾದ ಬೆಲೆ ಇಲ್ಲೇ ಇರೋದು, ತಪ್ಪು ಎಲ್ಲಾಗ್ತಿದೆ ಅಂತ ಆ ಕ್ಷಣಕ್ಕೇ ಗೊತ್ತಾಗುತ್ತೆ. 1987ರಲ್ಲಿ ಲಂಡನ್ನಿನಲ್ಲಿ ಹೋಲಿಸಿ ನೋಡಿದಾಗ ರಕ್ತದೊಳಗೆ ನೇರವಾಗಿ ಆಕ್ಸಿಜನ್ ಗುಳ್ಳೆ ಬಿಡೋ ಹಳೇ ಬಬಲ್ ಆಕ್ಸಿಜನೇಟರಿಂದ ಮೆದುಳಿಗೆ ಗುಳ್ಳೆ ಹೋಗ್ತಿತ್ತು, ರಕ್ತಕ್ಕೂ ಗ್ಯಾಸಿಗೂ ಮಧ್ಯೆ ತೆಳು ಪೊರೆ ಇರೋ ಮೆಂಬ್ರೇನ್ ಆಕ್ಸಿಜನೇಟರಲ್ಲಿ ತುಂಬಾ ಕಮ್ಮಿ. 1994ರಲ್ಲಿ ಅಲ್ಲೇ ಇನ್ನೊಂದು ತಂಡ ಮಷೀನಿಂದ ಮೈಗೆ ರಕ್ತ ವಾಪಸ್ ಹೋಗೋ ಲೈನಿಗೆ 40 ಮೈಕ್ರಾನ್ ಫಿಲ್ಟರ್ ಹಾಕಿ ನೋಡ್ತು, ಚಿಂವ್ ಅನ್ನೋ ಸಿಗ್ನಲ್ಲೂ ಇಳೀತು, ಎಂಟು ವಾರ ಬಿಟ್ಟು ಮಾಡಿದ ನೆನಪಿನ ಪರೀಕ್ಷೆಯಲ್ಲೂ ಫಿಲ್ಟರ್ ಇದ್ದವ್ರೇ ವಾಸಿ.

ಆದ್ರೆ ಕಥೆ ಅಷ್ಟು ಸಲೀಸಾಗಿ ಮುಗೀಲಿಲ್ಲ. 2001ರಲ್ಲಿ ಡ್ಯೂಕ್ ಯೂನಿವರ್ಸಿಟಿಯವ್ರು ಬೈಪಾಸ್ ಆದವ್ರನ್ನ ಐದು ವರ್ಷ ಫಾಲೋ ಮಾಡಿದ್ದು ಹೊರಗೆ ಬಂತು, ಡಿಸ್ಚಾರ್ಜ್ ಹೊತ್ತಿಗೆ 53% ಜನರ ಬುದ್ಧಿಶಕ್ತಿ ಕುಗ್ಗಿತ್ತು, ಆರು ತಿಂಗಳಿಗೆ ಅದು 24%ಗೆ ಇಳಿದು, ಐದು ವರ್ಷಕ್ಕೆ ಮತ್ತೆ 42% ಆಯ್ತು. ಎಲ್ಲರೂ ಪಂಪನ್ನೇ ಬೈದ್ರು. ಮರುವರ್ಷ ಡಚ್ಚರು ಪಂಪೇ ಇಲ್ದೆ ಆಪರೇಷನ್ ಮಾಡಿಸ್ಕೊಂಡವ್ರನ್ನ ಹೋಲಿಸಿದ್ರೆ, ಒಂದು ವರ್ಷದ ಮೇಲೆ ಎರಡೂ ಗುಂಪು ಹೆಚ್ಚುಕಮ್ಮಿ ಒಂದೇ. ಆಪರೇಷನ್ನೇ ಆಗದ ಹೃದ್ರೋಗಿಗಳಲ್ಲೂ ವರ್ಷ ಕಳೆದ ಹಾಗೆ ಇಂಥದ್ದೇ ಇಳಿಕೆ ಕಾಣ್ತು, ಅಂದ್ರೆ ನಾಳಗಳ ಕಾಯಿಲೆದೂ ದೊಡ್ಡ ಪಾಲಿದೆ. ಜೊತೆಗೆ ಚಿಂವ್ ಅಂದಿದ್ದು ಗಾಳಿನೋ ಗಟ್ಟಿ ಚೂರೋ ಅಂತ ಡಾಪ್ಲರ್ ಪಕ್ಕಾ ಹೇಳಲ್ಲ, ವಯಸ್ಸಾದ ಕೆಲವರ ಮೂಳೆ ದಪ್ಪ ಇದ್ದು ಸಿಗ್ನಲ್ಲೇ ಸಿಗಲ್ಲ.

ಹಂಗಂತ ಈ ಚಿಂವ್ ಸದ್ದುಗಳನ್ನ ಎಣಿಸಿದ್ದು ದಂಡ ಅಂತ ಹೇಳೋದನ್ನ ನಾನು ಒಪ್ಪಲ್ಲ. ಕ್ಲ್ಯಾಂಪ್ ಹಾಕೋ ಮುಂಚೆ ಮಹಾಅಪಧಮನಿ ಮೇಲೇ ಅಲ್ಟ್ರಾಸೌಂಡ್ ಇಟ್ಟು ಕ್ಯಾಲ್ಸಿಯಂ ಕಟ್ಟಿ ಗಟ್ಟಿಯಾದ ಜಾಗ ತಪ್ಪಿಸೋದು, ತೆರೆದ ಎದೆಯೊಳಗೆ ಕಾರ್ಬನ್ ಡೈಆಕ್ಸೈಡ್ ಬಿಡೋದು ಈಗ ಎಷ್ಟೋ ಕಡೆ ನಡೀತಿದೆ, ಆ ಗ್ಯಾಸ್ ಗಾಳಿಗಿಂತ ಭಾರ, ಹಾಗಾಗಿ ಒಳಗಿನ ಗಾಳಿನ ಆಚೆ ತಳ್ಳುತ್ತೆ, ರಕ್ತಕ್ಕೆ ಸೇರಿದ್ರೂ ಬೇಗ ಕರಗಿಹೋಗುತ್ತೆ.