ನೀಲಿ ಬೆಳಕಿನಡಿ ಬಿಲಿರುಬಿನ್

ಹುಟ್ಟಿದ ಮೂರನೆಯ ದಿನಕ್ಕೆ ಮಗುವಿನ ಮೈ ಹಳದಿಗೆ ತಿರುಗಿ, ಅದನ್ನು ನೀಲಿ ಬೆಳಕಿನಡಿ ಮಲಗಿಸಬೇಕೆಂದು ಹೇಳಿದಾಗ ವಾರ್ಡಿನ ಅಜ್ಜಿಯರು ಕೇಳುವುದು ಬಹುಮಟ್ಟಿಗೆ ಒಂದೇ ಪ್ರಶ್ನೆ: ‘ಔಷಧಿ ಏನೂ ಕೊಡದೆ ಬರೀ ಲೈಟಿಗೆ ಇಟ್ಟರೆ ಕಾಮಾಲೆ ಹೋಗುತ್ತಾ ಡಾಕ್ಟ್ರೇ?’ ಇದಕ್ಕೆ ಉತ್ತರವಿರುವುದು ಅಣುವಿನ ಧ್ರುವೀಯತೆಯಲ್ಲಿ.

ನೀರಿನ ಅಣುವಿನಲ್ಲಿ ಆಮ್ಲಜನಕವು ಎಲೆಕ್ಟ್ರಾನುಗಳನ್ನು ತನ್ನತ್ತ ಹೆಚ್ಚು ಸೆಳೆದುಕೊಳ್ಳುವುದರಿಂದ ಅದರ ಕಡೆ ತುಸು ಋಣ, ಜಲಜನಕಗಳ ಕಡೆ ತುಸು ಧನ ವಿದ್ಯುದಂಶ ನಿಲ್ಲುತ್ತದೆ. ಇಂಥ ಧ್ರುವೀಯ ಅಣುಗಳು ನೀರಿನಲ್ಲಿ ಬೆರೆಯುತ್ತವೆ. ಎಣ್ಣೆಯಂಥ ಅಧ್ರುವೀಯ ಅಣುಗಳು ಬೆರೆಯುವುದಿಲ್ಲ, ಆದರೆ ಜೀವಕೋಶದ ಕೊಬ್ಬಿನ ಪೊರೆಯನ್ನು ಸಲೀಸಾಗಿ ದಾಟುತ್ತವೆ.

ಕೆಂಪು ರಕ್ತಕಣಗಳು ಒಡೆದಾಗ ಉಂಟಾಗುವ, ಕಾಮಾಲೆಯಲ್ಲಿ ಮೈಗೆ ಹಳದಿ ಬಣ್ಣ ತರುವ ಬಿಲಿರುಬಿನ್ ಇಲ್ಲಿ ನಮ್ಮನ್ನು ಏಮಾರಿಸುತ್ತದೆ. ಅದರ ರಚನೆಯನ್ನು ಕಾಗದದ ಮೇಲೆ ಬರೆದರೆ ಎರಡು ಆಮ್ಲದ ತೋಳುಗಳೂ ನಾಲ್ಕು ಸಾರಜನಕಗಳೂ ಕಾಣುತ್ತವೆ. ನೀರಿನಲ್ಲಿ ಚೆನ್ನಾಗಿ ಕರಗಬೇಕಲ್ಲ ಎನಿಸುತ್ತದೆ. ವಾಸ್ತವದಲ್ಲಿ ಅಣುವು ಹೆಂಚಿನ ಮಾಡಿನಂತೆ ನಡುವೆ ಮಡಿಚಿಕೊಂಡು, ಪ್ರತಿ ತೋಳೂ ಎದುರಿನ ಅರ್ಧವನ್ನು ತಬ್ಬಿ, ಒಟ್ಟು ಆರು ಜಲಜನಕ ಬಂಧಗಳಲ್ಲಿ ತನ್ನ ಧ್ರುವೀಯ ಭಾಗಗಳನ್ನೆಲ್ಲ ಒಳಗೇ ಅಡಗಿಸಿಕೊಂಡಿರುತ್ತದೆ. ಹೀಗಾಗಿ ಅದು ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನಿನ ಬೆನ್ನೇರಿ ಸಾಗಬೇಕು. ಅಲ್ಬುಮಿನ್‌ಗೆ ಹೊರಲಾಗದಷ್ಟು ಹೆಚ್ಚಿದರೆ ಬಿಡಿಯಾಗಿ ಉಳಿದದ್ದು ಮಿದುಳಿಗೆ ನುಗ್ಗಿ ಶಾಶ್ವತ ಹಾನಿ ಮಾಡಬಲ್ಲದು; ನಮ್ಮ ಆತಂಕವೆಲ್ಲ ಅದೇ.

ಬೆಳೆದವರಲ್ಲಿ ಯಕೃತ್ತು ಇದಕ್ಕೆ ಗ್ಲುಕುರಾನಿಕ್ ಆಮ್ಲವನ್ನು ಜೋಡಿಸಿ, ಧ್ರುವೀಯವಾಗಿಸಿ, ಪಿತ್ತರಸದ ಜೊತೆ ಹೊರಹಾಕುತ್ತದೆ. ನವಜಾತ ಶಿಶುವಿನಲ್ಲಿ ಈ ಕೆಲಸದ ಕಿಣ್ವ ಇನ್ನೂ ಬಲಿತಿರುವುದಿಲ್ಲ. ಆ ಕೊರತೆಯನ್ನು ತುಂಬುವುದು ಬೆಳಕು: ಸುಮಾರು 460ರಿಂದ 490 ನ್ಯಾನೊಮೀಟರ್ ತರಂಗಾಂತರದ ನೀಲಿ ಬೆಳಕು ಚರ್ಮದಲ್ಲಿರುವ ಬಿಲಿರುಬಿನ್ನಿನ ಆಕಾರವನ್ನು ತಿರುಚಿ ಒಳಗಿನ ಬಂಧಗಳನ್ನು ಬಿಡಿಸುತ್ತದೆ. ಒಂದು ಪರಮಾಣುವೂ ಸೇರದೆ, ಒಂದೂ ಕಳೆಯದೆ, ಅದೇ ಅಣು ನೀರಿಗೆ ಒಗ್ಗಿ ಪಿತ್ತರಸದಲ್ಲಿಯೂ ಮೂತ್ರದಲ್ಲಿಯೂ ಹೊರಬೀಳುತ್ತದೆ.

ಇದು ಮೊದಲು ಕಣ್ಣಿಗೆ ಬಿದ್ದದ್ದು 1956ರಲ್ಲಿ, ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ. ಶಿಶುಗಳನ್ನು ಅಂಗಳದ ಬಿಸಿಲಿಗೆ ಕರೆದೊಯ್ಯುತ್ತಿದ್ದ ಸಿಸ್ಟರ್ ಜೀನ್ ವಾರ್ಡ್ ವೈದ್ಯರಿಗೆ ತೋರಿಸಿದ ಮಗುವೊಂದರ ಮೈ ತಿಳಿಯಾಗಿತ್ತು. ಹೊದಿಕೆಯ ಮೂಲೆ ಮುಚ್ಚಿದ್ದ ತ್ರಿಕೋನ ಮಾತ್ರ ಗಾಢ ಹಳದಿಯಾಗಿತ್ತು. ಹಾಗೆಂದು ಮನೆಯಲ್ಲೇ ಎಳೆಬಿಸಿಲಿಗೆ ಹಿಡಿದರೆ ಸಾಕೆಂದು ನಾನು ಹೇಳಲಾರೆ. ಬೇಕಾದಷ್ಟು ನೀಲಿ ಬೆಳಕು ಸಿಗುವವರೆಗೆ ಬಟ್ಟೆ ಬಿಚ್ಚಿ ಇಟ್ಟರೆ ಎಳೆಗೂಸಿನ ಮೈ ತಣ್ಣಗಾಗಬಹುದು, ಇಲ್ಲವೇ ಸುಡಬಹುದು.

ಆ ತ್ರಿಕೋನದಲ್ಲೇ ಅಜ್ಜಿಯರ ಎರಡನೆಯ ತಕರಾರಿಗೂ ಉತ್ತರವಿದೆ. ‘ಮೈ ಬೆಳ್ಳಗಾಯಿತಲ್ಲ, ಮತ್ತೇಕೆ ಹಿಮ್ಮಡಿಗೆ ಸೂಜಿ ಚುಚ್ಚುತ್ತೀರಿ?’ ಬೆಳಕು ಬಿದ್ದ ಚರ್ಮದ ಹಳದಿ ಮೊದಲು ಮಾಯವಾಗುತ್ತದೆ. ರಕ್ತದಲ್ಲಿ ಉಳಿದಿರುವುದೆಷ್ಟು ಎಂಬುದನ್ನು ಆ ಬಣ್ಣ ಹೇಳುವುದಿಲ್ಲ.