ಎಂಜಿಗೆ ಅಂಬಾಸಿಡರ್ ಮಿಸ್ತ್ರಿ ಹೇಳಿದ ಆಯಿಲ್

ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಕಾಕಾನ ಗ್ಯಾರೇಜಿನಲ್ಲಿ 1958ರ ಎಂಜಿಎ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಇದೆ. ಎರಡೇ ಸೀಟು, ಮೇಲೆ ಬಟ್ಟೆಯ ಟಾಪು, ಸ್ಟೇರಿಂಗಿನ ಹಿಂದೆ ದುಂಡನೆಯ ಗೇಜುಗಳು. ಹೋದ ವರ್ಷ ಅದರ ಆಯಿಲ್ ಬದಲಿಸುವ ಕೆಲಸ ನನ್ನ ಪಾಲಿಗೆ ಬಂತು. ಮನೆಮಂದಿಯೆಲ್ಲ ಪ್ರೀತಿಸುವ ಗಾಡಿ, ಅದಕ್ಕೆ ಒಳ್ಳೆಯದೇ ಹಾಕೋಣವೆಂದು ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ತುಟ್ಟಿಯ ಸಿಂಥೆಟಿಕ್ ಆಯಿಲ್ ತಂದು ಸುರಿದೆ. ಡಬ್ಬಿಯ ಮೇಲೆ 5ಡಬ್ಲ್ಯೂ-30 ಎಂದಿತ್ತು. ಚೋರ್ಲಾ ಘಾಟಿನ ತನಕ ಹೋಗಿ ಬಂದು ಗೋಗಟೆ ಸರ್ಕಲ್ಲಿನಲ್ಲಿ ನಿಂತಾಗ ನೋಡಿದರೆ ಆಯಿಲ್ ಪ್ರೆಶರಿನ ಮುಳ್ಳು ಹತ್ತರ ಕೆಳಗೆ ಬಿದ್ದಿತ್ತು. ಇಂಜಿನ್ ಕಾದಾಗಲೂ ಅದು ಇಪ್ಪತ್ತರ ಆಸುಪಾಸು ಇರುವುದು ರೂಢಿ. ಮರುದಿನ ಬೆಳಿಗ್ಗೆ ಗಾಡಿಯ ಕೆಳಗೆ ರೊಟ್ಟಿಯಗಲದ ಕಲೆ.

ಉದ್ಯಮಬಾಗದ ಕಡೆ ಹಳೆಯ ಟ್ಯಾಕ್ಸಿಗಳನ್ನು ರಿಪೇರಿ ಮಾಡುತ್ತಿದ್ದ ಹಿರಿಯ ಮಿಸ್ತ್ರಿಯೊಬ್ಬರನ್ನು ಕರೆತಂದೆ. ಅವರು ಬಾನೆಟ್ ಎತ್ತಿ, ಡಿಪ್‌ಸ್ಟಿಕ್ ಎಳೆದು, ಹನಿಯೊಂದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದರು. "ಸಾಹೇಬ್ರ, ಇದು ಅಂಬಾಸಿಡರ್ ಇಂಜಿನ್ನ ಐತ್ರಿ. ಇದಕ್ಕ ನೀರಿನಂಥ ಆಯಿಲ್ ಯಾಕ್ ಹಾಕೀರಿ?"

ಅವರ ಮಾತು ನಿಜ. 1955ರಲ್ಲಿ ಎಂಜಿಎ ಬಂದಾಗ ಅದರಲ್ಲಿದ್ದದ್ದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಇಂಜಿನ್, 1489 ಸಿಸಿ. ನಮ್ಮ ಪೆಟ್ರೋಲ್ ಅಂಬಾಸಿಡರ್ ದಶಕಗಳ ಕಾಲ ಓಡಿದ್ದು ಅದೇ 1489 ಸಿಸಿ ಬಿ-ಸೀರೀಸಿನ ಮೇಲೆ. ಎಂಜಿಗೆ ಎರಡು ಕಾರ್ಬ್ಯುರೇಟರ್ ಇದ್ದು ಓಟ ಜೋರು, ಆದರೆ ಒಳಗಿನ ಶಾಫ್ಟು, ಬೇರಿಂಗು, ಟಾಪೆಟ್ಟುಗಳ ಜಾತಿ ಒಂದೇ. ಆಯಿಲ್ ಆರಿಸುವಾಗ ಬೇಕಾದದ್ದು ಈ ಜಾತಿಯ ತಿಳಿವಳಿಕೆ. ರೇಟು ನೋಡಿ ಆರಿಸಿದ್ದು ನನ್ನ ತಪ್ಪು.

ಆಯಿಲ್ ಇಂಜಿನ್ನಿನೊಳಗೆ ಏನು ಮಾಡುತ್ತದೆ ಎನ್ನುವುದು ಮೊದಲು ಗೊತ್ತಾದದ್ದು ರೈಲಿನ ಬೇರಿಂಗಿನಿಂದ. 1883ರಲ್ಲಿ ಇಂಗ್ಲೆಂಡಿನ ಬೋಚಾಂಪ್ ಟವರ್ ಎಂಬ ಇಂಜಿನಿಯರ್ ಬೇರಿಂಗಿನ ನೆತ್ತಿಗೆ ತೂತು ಕೊರೆದು ಪರೀಕ್ಷೆ ನಡೆಸಿದ್ದರು. ಶಾಫ್ಟ್ ತಿರುಗಿಸಿದಾಗ ಆ ತೂತಿನಿಂದ ಎಣ್ಣೆ ಉಕ್ಕಿ ಮೇಲೆ ಬಂತು. ಬಿರಡೆ ಜಡಿದರೆ ಅದನ್ನೂ ಹೊರಗೆ ತಳ್ಳಿತು. ಕೊನೆಗೆ ಪ್ರೆಶರ್ ಗೇಜ್ ಕೂರಿಸಿದರು. ಇಂಚು ಚದರಕ್ಕೆ 200 ಪೌಂಡಿನವರೆಗೆ ಅಳೆಯುವ ಆ ಗೇಜೂ ಸಾಲಲಿಲ್ಲ. ತಿರುಗುವ ಶಾಫ್ಟ್ ತನ್ನ ಅಡಿಗೆ ತಾನೇ ಎಣ್ಣೆಯನ್ನು ಎಳೆದುಕೊಂಡು, ಕಿರಿದಾಗುತ್ತ ಹೋಗುವ ಸಂದಿಗೆ ಬೆಣೆಯಂತೆ ಒತ್ತಿ, ಅದರ ಮೇಲೆ ತೇಲುತ್ತದೆ. ಇದರ ಗಣಿತವನ್ನು 1886ರಲ್ಲಿ ಆಸ್ಬಾರ್ನ್ ರೆನಾಲ್ಡ್ಸ್ ಬರೆದರು. ಲೋಹ ಲೋಹವನ್ನು ಮುಟ್ಟದೆ ಓಡುವ ಈ ಸಂಗತಿ ನೆನಪಾದಾಗಲೆಲ್ಲ ನನಗೆ ಇಂದಿಗೂ ಬೆರಗು.

ಆ ಬೆಣೆ ನಿಲ್ಲಬೇಕಾದರೆ ಎಣ್ಣೆಗೆ ತಕ್ಕಷ್ಟು ಸ್ನಿಗ್ಧತೆ, ಅಂದರೆ ಅಂಟುತನ ಇರಬೇಕು. ಎಂಜಿಎಯಂಥ ಇಂಜಿನ್ನಿನಲ್ಲಿ ಬೇರಿಂಗಿನ ಸಂದಿ ಇಂಚಿನ ಸಾವಿರದಲ್ಲಿ ಒಂದೆರಡು ಪಾಲು. ಅರವತ್ತು ವರ್ಷ ಓಡಿ ಸವೆದ ಮೇಲೆ ಇನ್ನಷ್ಟು ಅಗಲ. ಪಂಪು ತಳ್ಳಿದ ತೆಳು ಎಣ್ಣೆ ಆ ಸಂದಿಗಳಿಂದ ಬೇಗ ಸೋರಿ ಇಂಜಿನ್ನಿನ ಅಡಿಯ ತೊಟ್ಟಿಗೆ, ಅಂದರೆ ಸಂಪ್‌ಗೆ, ಮರಳುತ್ತದೆ. ಗೋಗಟೆ ಸರ್ಕಲ್ಲಿನಲ್ಲಿ ಮುಳ್ಳು ಬಿದ್ದದ್ದು ಇದಕ್ಕೇ.

ಡಬ್ಬಿಯ ಮೇಲಿನ ಎರಡು ಅಂಕಿಗಳನ್ನು ಓದಲು ಮಹಾಲಿಂಗಪುರದ ಕಡೆಯಿಂದ ತಂದ ಕಾಕಂಬಿಯ ಭರಣಿಯನ್ನು ನೆನೆಸಿಕೊಳ್ಳಿ. ಡಿಸೆಂಬರಿನ ಬೆಳಿಗ್ಗೆ ಭರಣಿ ಬಗ್ಗಿಸಿದರೂ ಕಾಕಂಬಿ ಬೀಳುವುದಿಲ್ಲ. ಬಿಸಿಲಿಗಿಟ್ಟರೆ ಸಲೀಸಾಗಿ ಸುರಿಯುತ್ತದೆ. ಎಣ್ಣೆಯೂ ಹಾಗೆಯೇ. ಡಬ್ಲ್ಯೂ ಅಂದರೆ ಚಳಿಗಾಲ. 20ಡಬ್ಲ್ಯೂ ಎಣ್ಣೆ ಮೈನಸ್ 15 ಡಿಗ್ರಿಯಲ್ಲೂ ಇಂಜಿನ್ ತಿರುಗಲು ಬಿಡುತ್ತದೆಯೇ ಎಂದು ಪರೀಕ್ಷಿಸುತ್ತಾರೆ. 5ಡಬ್ಲ್ಯೂಗೆ ಅದು ಮೈನಸ್ 30. ಬೆಳಗಾವಿಯ ಚಳಿ ಎಷ್ಟೇ ಕಚ್ಚಿದರೂ ಮೈನಸ್ಸಿಗೆ ಇಳಿಯುವುದಿಲ್ಲ. ಆ ಸವಲತ್ತಿಗೆ ಇಲ್ಲಿ ದುಡ್ಡು ಕೊಡಬೇಕಾಗಿಲ್ಲ. ಎರಡನೆಯ ಅಂಕಿ 100 ಡಿಗ್ರಿಯ ಲೆಕ್ಕ: 30ರ ಎಣ್ಣೆ ಅಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ (ಸ್ನಿಗ್ಧತೆಯ ಅಳತೆ), 50ರದು 16.3ರಿಂದ 21.9. ಕಾಯಿಸದ ಸಾದಾ ನೀರು ಸುಮಾರು 1. ವಿಜಯಪುರದ ಮೇ ತಿಂಗಳ ರಸ್ತೆಯಲ್ಲಿ, ಆಯಿಲ್ ಕೂಲರ್ ಇಲ್ಲದ ಗಾಡಿಯಲ್ಲಿ, ಈ ಅಂತರವೇ ಬೇರಿಂಗನ್ನು ಉಳಿಸುವುದು. ಮಿಸ್ತ್ರಿ ಹೇಳಿದ್ದು 20ಡಬ್ಲ್ಯೂ-50.

ಬೇರಿಂಗ್ ತೇಲುತ್ತದೆ, ವಾಲ್ವು ತೆರೆಯಲು ಟಾಪೆಟ್ಟನ್ನು ತಳ್ಳುವ ಕ್ಯಾಮ್ ತೇಲುವುದಿಲ್ಲ. ಈ ಇಂಜಿನ್ನಿನಲ್ಲಿ ಕ್ಯಾಮಿನ ಮೂತಿ ಚಪ್ಪಟೆ ಟಾಪೆಟ್ಟಿನ ಮೇಲೆ ಸ್ಪ್ರಿಂಗಿನ ಪೂರ್ತಿ ಭಾರ ಹೊತ್ತು ಉಜ್ಜಿಕೊಂಡೇ ಹೋಗುತ್ತದೆ. ಹೊಸ ಕಾರುಗಳಲ್ಲಿ ಬಹಳಷ್ಟಕ್ಕೆ ಅಲ್ಲಿ ರೋಲರ್ ಇರುತ್ತದೆ. ಚಪ್ಪಟೆ ಟಾಪೆಟ್ಟನ್ನು ಕಾಯುವುದು ಎಣ್ಣೆಯಲ್ಲಿ ಕರಗಿಸಿದ ಜಿಂಕ್ ಮತ್ತು ರಂಜಕದ ಸಂಯುಕ್ತ, ಜೆಡ್‌ಡಿಡಿಪಿ. ಉಜ್ಜುವ ಕಾವಿಗೆ ಅದು ಒಡೆದು ಲೋಹದ ಮೇಲೆ ಗಾಜಿನಂಥ ಪೊರೆ ಕಟ್ಟುತ್ತದೆ, ದಪ್ಪ ಸುಮಾರು 100 ನ್ಯಾನೋಮೀಟರ್. ಸವೆಯುವುದು ಆ ಪೊರೆ, ಉಕ್ಕು ಉಳಿಯುತ್ತದೆ. ಆದರೆ ಸುಟ್ಟ ಎಣ್ಣೆಯ ರಂಜಕ ಹೊಸ ಕಾರುಗಳ ಸೈಲೆನ್ಸರ್ ಕಡೆ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಅದಕ್ಕೆಂದು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ (ಎಪಿಐ) 2004ರ ಎಸ್‌ಎಂ ದರ್ಜೆಯಿಂದ 5ಡಬ್ಲ್ಯೂ-30ರಂಥ ತೆಳು ಎಣ್ಣೆಗಳಲ್ಲಿ ರಂಜಕ 0.08 ಪ್ರತಿಶತ ದಾಟಬಾರದೆಂದು ಗೆರೆ ಎಳೆದರು. 20ಡಬ್ಲ್ಯೂ-50ಕ್ಕೆ ಆ ಗೆರೆ ಇಲ್ಲ. ಹಾಗೆಂದು ಎಲ್ಲ ಡಬ್ಬಿಯಲ್ಲೂ ಹೇರಳವಾಗಿರುತ್ತದೆ ಎಂದಲ್ಲ. ಕಂಪನಿಯ ಮಾಹಿತಿ ಹಾಳೆಯಲ್ಲಿ ಜಿಂಕ್, ರಂಜಕದ ಅಂಕಿ ನೋಡಿಯೇ ಕೊಳ್ಳಬೇಕು. ಬೇರೆ ಬಾಟಲಿಯ ಜಿಂಕ್ ತಂದು ಮೇಲೆ ಸುರಿಯುವ ರೂಢಿ ನನಗೆ ಸರಿ ಕಾಣುವುದಿಲ್ಲ. ಅತಿಯಾದರೆ ಅದೂ ಲೋಹವನ್ನು ತಿನ್ನುತ್ತದೆ.

ಸೋರಿಕೆಯ ಮಾತು ಉಳಿಯಿತು. ಸಿಂಥೆಟಿಕ್ ಹಾಕಿದರೆ ಹಳೆ ಗಾಡಿಯ ಸೀಲು ಕರಗುತ್ತದೆ ಎನ್ನುವವರಿದ್ದಾರೆ. ಎಂಜಿಎಯಲ್ಲಿ ಇಂಜಿನ್ನಿನ ಮುಖ್ಯ ಶಾಫ್ಟಾದ ಕ್ರ್ಯಾಂಕಿನ ಹಿಂಬದಿಗೆ ಕರಗಲು ರಬ್ಬರ್ ಸೀಲೇ ಇಲ್ಲ! ಶಾಫ್ಟಿನ ಮೇಲೆ ಸ್ಕ್ರೂವಿನಂತೆ ಕೊರೆದ ಸುರುಳಿ ಗೆರೆ ತಿರುಗುತ್ತ ಎಣ್ಣೆಯನ್ನು ಒಳಕ್ಕೆ ದೂಡುತ್ತದೆ. ಇಂಜಿನ್ ನಿಂತರೆ ಸುರುಳಿಯೂ ನಿಂತಿತು. ಅಲ್ಲಿ ಉಳಿದ ಎಣ್ಣೆ ತೆಳುವಾಗಿದ್ದಷ್ಟೂ ಹೆಚ್ಚು ಹೊರಬರುತ್ತದೆ.

ಗಾಡಿ ತಿಂಗಳಿಗೊಮ್ಮೆ ಹೊರಬಂದರೂ ಆಯಿಲನ್ನು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಚೋಕ್ ಎಳೆದು ಸ್ಟಾರ್ಟ್ ಮಾಡಿದಾಗ ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಗುಂಟ ಇಳಿದು ಸಂಪು ಸೇರುತ್ತದೆ. ನಮ್ಮೂರಿನ ಮಳೆಗಾಲದ ತೇವ ಅದಕ್ಕೆ ಕೂಡುತ್ತದೆ. ನಾವು ದಸರೆ ಮುಂದೆ, ಇಂಜಿನ್ ಬಿಸಿಯಿದ್ದಾಗಲೇ ಇಳಿಸುತ್ತೇವೆ. ಕಾಕಾ ಮೊದಲ ಹನಿಯನ್ನು ಬೆರಳಿಗೆ ಹಚ್ಚಿ ಮೂಸಿ ನೋಡುತ್ತಾನೆ, ಪೆಟ್ರೋಲಿನ ವಾಸನೆ ಜೋರಿದ್ದರೆ ಅವತ್ತೇ ಕಾರ್ಬ್ಯುರೇಟರ್ ಬಿಚ್ಚುತ್ತಾನೆ.

20ಡಬ್ಲ್ಯೂ-50 ಹಾಕಿದ ಮೇಲೆ ಚಳಿಯಲ್ಲಿ ಮುಳ್ಳು ಏಳಲು ಒಂದೆರಡು ಕ್ಷಣ ಹೆಚ್ಚು ಬೇಕು. ಅದು ಏಳುವ ತನಕ ರೇಸ್ ಕೊಡುವುದಿಲ್ಲ. ಗೋಗಟೆ ಸರ್ಕಲ್ಲಿನಲ್ಲಿ ಕಾದ ಇಂಜಿನ್ನಿನ ಮುಳ್ಳು ಈಗ ಮತ್ತೆ ಇಪ್ಪತ್ತರ ಮೇಲಿದೆ. ಗ್ಯಾರೇಜಿನ ನೆಲಕ್ಕೆ ಹಾಸಿದ ರಟ್ಟಿನ ಮೇಲೆ ಬೆಳಗಾಗುವುದರೊಳಗೆ ಎರಡೇ ಹನಿ.